ದೂರು ಕೊಟ್ಟರೆ ಅವನನ್ನು ದೇಶದಿಂದ ಹೊರಹಾಕುತ್ತಾರೆಯೇ?

ಹೊಟ್ಟೆನೋವೆಂದು ಬಂದಿದ್ದಳು. ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದ ವೈದ್ಯರು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ, ಏನೂ ಸಿಗದೆ ಆಪ್ತಸಲಹಾ ವಿಭಾಗಕ್ಕೆ ಕಳುಹಿಸಿದ್ದರು. ಹತ್ತೊಂಬತ್ತು ವರ್ಷ, ಪದವಿಯ ಎರಡನೆಯ ವರ್ಷ, ಯಹೂದಿ ಮನೆತನ. ನಾನು ಕೆಲಸ ಮಾಡುವುದು ಅಮೆರಿಕದ ಈಶಾನ್ಯ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ. ಹುಟ್ಟಿ ಬೆಳೆದದ್ದು ಶಿವಮೊಗ್ಗದಲ್ಲಿ. ಶಿವಮೊಗ್ಗ ಈ ಪ್ರಕರಣದೊಳಗೆ ಹೇಗೆ ಬಂತೆಂಬುದನ್ನು ಮುಂದೆ ಹೇಳುತ್ತೇನೆ. ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.

ನೋವು ಯಾವಾಗ ಬರುತ್ತದೆ ಎಂದು ಕೇಳಿದೆ. ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ. ಶನಿವಾರ, ಭಾನುವಾರ ಇಲ್ಲ. ರಜೆಗೆ ಮನೆಗೆ ಹೋದಾಗ ಒಂದು ದಿನವೂ ಇಲ್ಲ. ಮಂಗಳವಾರ, ಗುರುವಾರ ಏನಿದೆ? ಸಂಖ್ಯಾಶಾಸ್ತ್ರದ ಪ್ರಾಯೋಗಿಕ ತರಗತಿ. ಲೆಕ್ಕ ಕಷ್ಟವೇ? ಇಲ್ಲ, ತರಗತಿಯಲ್ಲಿ ಅತಿ ಹೆಚ್ಚು ಅಂಕ ಅವಳದೇ. ಇಂಥ ಕಡೆ ಸಲಹೆಗಾರರು ಬಾಯಿ ಮುಚ್ಚಿಕೊಂಡಿರಬೇಕು. ಸುಮ್ಮನಿದ್ದೆ.

ಎರಡನೆಯ ಭೇಟಿಯಲ್ಲಿ ಪೆನ್ಸಿಲ್ ಚೀಲ ತೆರೆದು, ಪೆನ್ನುಗಳ ನಡುವಿನಿಂದ ಬೆರಳುದ್ದದ ತಗಡಿನ ಕರಡಿಗೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಮೆಝೂಝಾ. ಯಹೂದಿಗಳು ಬಾಗಿಲ ನಿಲುವಿಗೆ ಕೂರಿಸುವಂಥದ್ದು. ಒಳಗೆ ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದ ಶಾಸ್ತ್ರವಚನಗಳಿರುತ್ತವೆ. ವಸತಿನಿಲಯದಲ್ಲಿ ಮೊಳೆ ಹೊಡೆಯುವಂತಿಲ್ಲವಾದ್ದರಿಂದ ಎರಡೂ ಬದಿ ಅಂಟುವ ಟೇಪಿನಲ್ಲಿ ಅಂಟಿಸಿದ್ದಳು. ಯಾರೋ ಕಿತ್ತರು, ಹಜಾರದ ರದ್ದಿ ಡಬ್ಬಿಯಲ್ಲಿ ಸಿಕ್ಕಿತು. ಮತ್ತೆ ಅಂಟಿಸಿದಳು, ಮತ್ತೆ ಕಿತ್ತರು. ಆಮೇಲೆ ತಾನೇ ತೆಗೆದು ಚೀಲದಲ್ಲಿಟ್ಟುಕೊಂಡಳು. ಕರಡಿಗೆಯ ಬೆನ್ನಿಗೆ ಮೆತ್ತಿದ ಅಂಟಿನಲ್ಲಿ ಪೆನ್ಸಿಲ್ ಪುಡಿ ಕಪ್ಪಗೆ ಕೂತಿತ್ತು. ಅದನ್ನು ಉಗುರಿನಿಂದ ಕೆರೆಯುತ್ತಲೇ ಉಳಿದದ್ದನ್ನು ಹೇಳಿದಳು.

ಮೊದಲ ವರ್ಷದಿಂದಲೂ ಒಂದು ಪರಿಸರ ಸಂಘದಲ್ಲಿದ್ದಳು. ಈ ಬಾರಿ ಪದಾಧಿಕಾರಿಯಾಗಲು ಹೆಸರು ಕೊಟ್ಟಾಗ, ಮೊದಲು ಇಸ್ರೇಲನ್ನು ಖಂಡಿಸಿ ನಾಲ್ಕು ಸಾಲು ಬರೆದುಕೊಡು ಎಂದರು. ಅವಳಿಗೆ ನೆತನ್ಯಾಹು ಸರ್ಕಾರವೆಂದರೆ ಆಗದು. 2023ರ ಅಕ್ಟೋಬರ್ 7ರಂದು ಹಮಾಸ್ ಕೊಂದ ಸುಮಾರು 1,200 ಜನರಿಗಾಗಿ ಅತ್ತವಳು, ಆಮೇಲೆ ಗಾಜಾದಲ್ಲಿ ಸತ್ತ ಮಕ್ಕಳಿಗಾಗಿಯೂ ಅತ್ತವಳು. ಮರುವರ್ಷ ವಿದ್ಯಾರ್ಥಿಗಳು ಹುಲ್ಲುಹಾಸಿನ ಮೇಲೆ ಡೇರೆ ಹಾಕಿ ಧರಣಿ ಕೂತಾಗ ಅಲ್ಲಿಗೆ ಊಟ ಒಯ್ದಿದ್ದಳು. ಬರೆದುಕೊಡಲು ಅಭ್ಯಂತರವೇನೂ ಇರಲಿಲ್ಲ. ಆದರೆ ಜೊತೆಯಲ್ಲಿ ಹೆಸರು ಕೊಟ್ಟ ಇನ್ನಿಬ್ಬರನ್ನು ಯಾರೂ ಏನೂ ಕೇಳಿರಲಿಲ್ಲ.

ಇನ್ನು ಸಂಖ್ಯಾಶಾಸ್ತ್ರದ ತರಗತಿ. ಅಲ್ಲಿನ ಬೋಧನಾ ಸಹಾಯಕ ಭಾರತದಿಂದ ಬಂದ ಪಿಎಚ್‌ಡಿ ವಿದ್ಯಾರ್ಥಿ. ಅವಳ ಕತ್ತಿನಲ್ಲಿದ್ದ, ಯಹೂದಿಗಳ ಗುರುತಾದ ಆರು ಮೂಲೆಯ ನಕ್ಷತ್ರದ ಪದಕ ನೋಡಿ ಒಮ್ಮೆ ಎಲ್ಲರೆದುರು, ‘ಗಾಜಾದ ಬಗ್ಗೆ ನಿಮ್ಮವರು ಏನನ್ನುತ್ತಾರೆ?’ ಎಂದಿದ್ದ. 2025ರ ಏಪ್ರಿಲ್ ಆರಂಭದಲ್ಲಿ, ಪಾಸೋವರ್ ಹಬ್ಬಕ್ಕೆ ಮನೆಗೆ ಹೋಗಬೇಕು, ವರದಿ ಒಪ್ಪಿಸಲು ಎರಡು ದಿನ ಹೆಚ್ಚು ಕೊಡಿ ಎಂದು ಕೇಳಿದಾಗ ನಗುತ್ತಲೇ, ‘ನಿಮಗೇನು ಬಿಡಿ, ಬ್ಯಾಂಕು ನಿಮ್ಮದು, ಪತ್ರಿಕೆ ನಿಮ್ಮದು, ಎರಡು ದಿನ ಯಾವ ಲೆಕ್ಕ’ ಎಂದ. ಕೇಳಿದ ಎರಡು ದಿನವನ್ನೂ ಕೊಟ್ಟ. ಸುತ್ತಲಿದ್ದವರು ನಕ್ಕರು.

‘ದೂರು ಕೊಡಬೇಕೆನಿಸುತ್ತದೆ. ಕೊಟ್ಟರೆ ಅವನನ್ನು ದೇಶದಿಂದ ಹೊರಹಾಕುತ್ತಾರೆ. ನೀವೂ ಭಾರತೀಯರು. ಕೊಡಬೇಡ ಎನ್ನುತ್ತೀರಿ, ಅಲ್ಲವೇ?’

ಅವಳ ಭಯ ಬರಿಯ ಕಲ್ಪನೆಯಲ್ಲ. ಆ ವರ್ಷದ ಮಾರ್ಚ್ 7ರಂದು ಟ್ರಂಪ್ ಸರ್ಕಾರ, ಕ್ಯಾಂಪಸ್ಸಿನಲ್ಲಿ ಯಹೂದಿ ದ್ವೇಷವನ್ನು ತಡೆಯಲಿಲ್ಲವೆಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸುಮಾರು 40 ಕೋಟಿ ಡಾಲರ್ ಅನುದಾನ ರದ್ದು ಮಾಡಿತು. ಮರುದಿನವೇ ಅಲ್ಲಿನ ಧರಣಿಗಳಲ್ಲಿ ಮುಂದಿದ್ದ ಮಹಮೂದ್ ಖಲೀಲ್ ಎಂಬ ಪ್ಯಾಲೆಸ್ಟೈನ್ ಮೂಲದ ವಿದ್ಯಾರ್ಥಿಯನ್ನು, ಆತನಿಗೆ ಗ್ರೀನ್ ಕಾರ್ಡ್ ಇದ್ದರೂ, ಬಂಧಿಸಿದರು. ತಿಂಗಳ ಕೊನೆಯಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಟರ್ಕಿಯ ಸಂಶೋಧನಾ ವಿದ್ಯಾರ್ಥಿನಿಯನ್ನು ಮುಸುಕು ಹಾಕಿಕೊಂಡ ಅಧಿಕಾರಿಗಳು ಬೀದಿಯಲ್ಲೇ ಹಿಡಿದೊಯ್ದರು; ವಿದ್ಯಾರ್ಥಿ ಪತ್ರಿಕೆಗೆ ಒಂದು ಲೇಖನವನ್ನು ಇತರರೊಡನೆ ಸೇರಿ ಬರೆದಿದ್ದಳು ಎಂಬುದಕ್ಕಿಂತ ಹೆಚ್ಚಿನದೇನೂ ಹೊರಬರಲಿಲ್ಲ. ಕೊಲಂಬಿಯಾದ ಒಬ್ಬ ಭಾರತೀಯ ವಿದ್ಯಾರ್ಥಿನಿ ವೀಸಾ ರದ್ದಾದ ಮೇಲೆ ಕೆನಡಾಕ್ಕೆ ಹೊರಟುಹೋದಳು. ಹೊರಗಿನ ಸಂಘಟನೆಗಳು ವಿದ್ಯಾರ್ಥಿಗಳ ಹೆಸರನ್ನು ಪಟ್ಟಿ ಮಾಡಿ ಸರ್ಕಾರಕ್ಕೆ ಕೊಟ್ಟೆವೆಂದು ಬಹಿರಂಗವಾಗಿಯೇ ಹೇಳಿಕೊಳ್ಳುತ್ತಿದ್ದವು. ಯಹೂದಿ ವಿದ್ಯಾರ್ಥಿಗಳನ್ನು ಕಾಪಾಡುತ್ತೇವೆಂದು ನಡೆಸಿದ ಈ ಕಾರ್ಯಾಚರಣೆ ನನ್ನೆದುರು ಕುಳಿತ ಯಹೂದಿ ವಿದ್ಯಾರ್ಥಿನಿಯ ಬಾಯಿ ಕಟ್ಟಿಹಾಕಿತ್ತು. ಅದೇ ಮಾರ್ಚ್‌ನಲ್ಲಿ ಇಂಥ ದೂರುಗಳನ್ನು ವಿಚಾರಿಸುವ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ವಿಭಾಗದ 12 ಪ್ರಾದೇಶಿಕ ಕಚೇರಿಗಳಲ್ಲಿ 7ನ್ನು ಮುಚ್ಚಲು ಅದೇ ಸರ್ಕಾರ ಹೊರಟಿತು. ಕಾಳಜಿಯ ಆಳ ಎಷ್ಟೆಂದು ಇದರಿಂದಲೇ ಅಳೆಯಬಹುದು.

ಅವಳ ಪ್ರಶ್ನೆಗೆ ಸುತ್ತಿಬಳಸದೆ ಉತ್ತರಿಸಿದೆ. ‘ಹೌದು, ನಾನು ಭಾರತೀಯಳು. ಆ ಹುಡುಗನ ಜಾಗದಲ್ಲಿ ನನ್ನ ತಮ್ಮನ ಮಗ ಇರಬಹುದಿತ್ತು ಎಂಬ ಯೋಚನೆ ನೀನು ಹೇಳುವಾಗಲೇ ಬಂತು. ಅದರಿಂದ ನಿನ್ನ ಮಾತು ನನಗೆ ಸರಿಯಾಗಿ ಕೇಳಿಸುವುದಿಲ್ಲ ಎನಿಸಿದರೆ ಬೇರೆ ಸಲಹೆಗಾರರಿದ್ದಾರೆ, ಇವತ್ತೇ ವ್ಯವಸ್ಥೆ ಮಾಡುತ್ತೇನೆ. ಇಲ್ಲೇ ಇರುವೆಯಾದರೆ, ಕೊಡು ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಇಲ್ಲಿ ಆಡಿದ ಮಾತು ನಿನ್ನ ಅನುಮತಿಯಿಲ್ಲದೆ ವಿಶ್ವವಿದ್ಯಾಲಯಕ್ಕೂ ಹೋಗುವುದಿಲ್ಲ.’ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಇರುತ್ತೇನೆ ಎಂದಳು.

ಮೊದಲು ಮಾಡಿಸಿದ ಕೆಲಸ ಬರವಣಿಗೆ. ಎರಡು ವರ್ಷದಲ್ಲಿ ನೋವಾದದ್ದನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆ. ಆಡಿದ ಮಾತು, ತಾರೀಖು, ಯಾರು ಕೇಳಿಸಿಕೊಂಡರು, ಅಷ್ಟೇ. ‘ದ್ವೇಷ’ ಎಂಬ ಹಣೆಪಟ್ಟಿ ಈಗಲೇ ಬೇಡ. ಮೇಜಿನ ತುಂಬ ಚೀಟಿಗಳಾದವು. ಎಲ್ಲವೂ ಒಂದೇ ರಾಶಿಯಾಗಿ ಎದೆಯ ಮೇಲೆ ಕೂತಿರುವವರೆಗೆ ಮನುಷ್ಯರಿಗೆ ಯಾವುದಕ್ಕೂ ಉತ್ತರ ಕೊಡಲಾಗುವುದಿಲ್ಲ. ಗ್ರಂಥಾಲಯದ ಮೆಟ್ಟಿಲ ಮೇಲಿನ ಭಿತ್ತಿಪತ್ರವೂ ರದ್ದಿ ಡಬ್ಬಿಯಲ್ಲಿ ಸಿಕ್ಕ ಮೆಝೂಝಾವೂ ಒಂದೇ ತೂಕವಾಗಿಬಿಡುತ್ತವೆ.

ಚೀಟಿಗಳನ್ನು ಬೇರೆ ಬೇರೆ ಮಾಡಿದವಳು ಅವಳೇ. ಗಾಜಾದಲ್ಲಿ ಸತ್ತವರ ಹೆಸರುಗಳನ್ನು ಗಟ್ಟಿಯಾಗಿ ಓದಿದ್ದು, ಇಸ್ರೇಲಿಗೆ ಶಸ್ತ್ರ ಕೊಡಬೇಡಿ ಎಂಬ ಫಲಕ, ಪ್ಯಾಲೆಸ್ಟೈನ್ ಧ್ವಜ ಇವೆಲ್ಲ ರಾಜಕೀಯವೆಂದು ಒಂದು ಕಡೆ ಹೋದವು. ಕೆಲವು ಅವಳಿಗೆ ಚುಚ್ಚಿದ್ದವು, ಕೆಲವನ್ನು ಅವಳೇ ಒಪ್ಪುತ್ತಿದ್ದಳು. ಯಾವುದೂ ಅವಳನ್ನು ಕುರಿತು ಆಡಿದ್ದಲ್ಲ. ‘ನದಿಯಿಂದ ಸಮುದ್ರದವರೆಗೆ’ (ಜೋರ್ಡನ್ ನದಿಯಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಪ್ಯಾಲೆಸ್ಟೈನ್ ಸ್ವತಂತ್ರವಾಗಲಿ) ಎಂಬ ಘೋಷಣೆಯ ಚೀಟಿ ಕೈಯಲ್ಲೇ ಉಳಿಯಿತು. ಕೂಗುವವರಲ್ಲಿ ಕೆಲವರಿಗೆ ಅದು ಎಲ್ಲರಿಗೂ ಸಮಾನ ಹಕ್ಕು, ಕೇಳುವವರಲ್ಲಿ ಹಲವರಿಗೆ ಏಳೆಂಟು ದಶಲಕ್ಷ ಯಹೂದಿಗಳನ್ನು ಅಳಿಸಿಹಾಕುವ ಮಾತು. ಅದನ್ನು ಮೇಜಿನ ನಡುವೆಯೇ ಬಿಟ್ಟೆವು. ಉಳಿದದ್ದು ಮೂರು: ಬಾಗಿಲ ಕರಡಿಗೆ, ಪರಿಸರ ಸಂಘ, ಬ್ಯಾಂಕಿನ ಮಾತು.

ಸಂಘದ ಚೀಟಿಯ ಬಗ್ಗೆ ಅವಳಿಗೆ ಅನುಮಾನ. ‘ಅವರ ಉದ್ದೇಶ ಒಳ್ಳೆಯದೇ. ನಾನೇ ಅತಿಯಾಗಿ ತೆಗೆದುಕೊಂಡೆನೇನೋ.’ ಯಹೂದಿ ದ್ವೇಷವೆಂದರೆ ಯಾವುದು ಎಂಬುದಕ್ಕೆ ಅಮೆರಿಕದ ಕ್ಯಾಂಪಸ್ಸುಗಳಲ್ಲಿ ಎರಡು ವ್ಯಾಖ್ಯೆಗಳ ಜಗಳವಿದೆ. ಯಹೂದಿ ನರಮೇಧದ ನೆನಪು ಕಾಯುವ ಅಂತರರಾಷ್ಟ್ರೀಯ ಒಕ್ಕೂಟ ಐಎಚ್‌ಆರ್‌ಎಯ 2016ರ ವ್ಯಾಖ್ಯೆ ಇಸ್ರೇಲಿನ ಟೀಕೆಯನ್ನೂ ದ್ವೇಷದ ಲೆಕ್ಕಕ್ಕೆ ಸೇರಿಸಲು ದಾರಿ ಮಾಡುತ್ತದೆಂಬ ಆಕ್ಷೇಪ ಬಲವಾಗಿದೆ; ಹಾಗೆ ಆಕ್ಷೇಪಿಸಿದ ವಿದ್ವಾಂಸರೇ 2021ರಲ್ಲಿ ಜೆರುಸಲೇಮ್ ಘೋಷಣೆ ಹೊರಡಿಸಿದರು. ಇಸ್ರೇಲನ್ನು ಟೀಕಿಸುವವರಿಗೆ ಹೆಚ್ಚು ಜಾಗ ಬಿಡುವ ಆ ಘೋಷಣೆಯೂ ಒಂದು ಮಾತನ್ನು ಬಿಡಿಸಿ ಹೇಳುತ್ತದೆ: ಯಹೂದಿ ಎಂಬ ಕಾರಣಕ್ಕೆ ಒಬ್ಬರಿಂದ ಇಸ್ರೇಲಿನ ಬಹಿರಂಗ ಖಂಡನೆಯನ್ನು ಕೇಳುವುದು ಯಹೂದಿ ದ್ವೇಷ. ಇದನ್ನು ಅವಳಿಗೆ ಓದಿ ಹೇಳಿದೆ. ಭುಜ ಇಳಿಯಿತು. ತನಗಾದದ್ದು ನಿಜ ಎಂದು ಬೇರೆ ಯಾರೋ, ಅದೂ ತನ್ನ ರಾಜಕೀಯದವರೇ, ಬರೆದಿಟ್ಟಿದ್ದಾರೆಂಬುದು ಎಷ್ಟೋ ಸಲ ಔಷಧಿಗಿಂತ ಬೇಗ ನಾಟುತ್ತದೆ.

ಕನ್ನಡದ ಓದುಗರಿಗೆ ಇದು ದೂರದ ಕಥೆ ಎನಿಸಿದರೆ, ಭಾರತ–ಪಾಕಿಸ್ತಾನ ಪಂದ್ಯದ ದಿನ ಮುಸ್ಲಿಂ ಸಹಪಾಠಿಯೊಬ್ಬನನ್ನೇ ಆರಿಸಿ ‘ನೀನು ಯಾರ ಕಡೆ?’ ಎಂದು ಕೇಳುವವರನ್ನು ನೆನಪಿಸಿಕೊಳ್ಳಿ.

ಬ್ಯಾಂಕಿನ ಮಾತಿನ ಬಗ್ಗೆ ನಮ್ಮ ಕಡೆಯವರಿಗೇ ಹೇಳಬೇಕಾದದ್ದಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಬರುವ ಮಕ್ಕಳು ಇದನ್ನು ಎಷ್ಟೋ ಬಾರಿ ಹೊಗಳಿಕೆ ಎಂದುಕೊಂಡೇ ಆಡುತ್ತಾರೆ: ಯಹೂದಿಗಳು ಬುದ್ಧಿವಂತರು, ದುಡ್ಡಿನವರು, ಜಗತ್ತು ಅವರ ಕೈಯಲ್ಲಿದೆ. ಹಿಟ್ಲರನ ಆತ್ಮಕಥೆಯನ್ನು ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲಿಟ್ಟು ಮಾರುವ ನಾಡು ನಮ್ಮದು. ಆ ಹೊಗಳಿಕೆಯೇ ಒಂದು ಕಾಲದಲ್ಲಿ ಕೊಲ್ಲಲು ಕೊಟ್ಟ ಕಾರಣವಾಗಿತ್ತೆಂದು ಶಾಲೆಯಲ್ಲಿ ಯಾರೂ ಹೇಳಿರುವುದಿಲ್ಲ. ಅಮೆರಿಕದಲ್ಲಿ ಯಹೂದಿಗಳು ಜನಸಂಖ್ಯೆಯ ಶೇ 2ರ ಆಸುಪಾಸು. ಎಫ್‌ಬಿಐ ದಾಖಲಿಸುವ ಧರ್ಮಕಾರಣದ ದ್ವೇಷಾಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ಮೇಲಿನವು. 2018ರಲ್ಲಿ ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾಮಂದಿರ) 11 ಜನರನ್ನು ಕೊಂದವನ ತಲೆಯಲ್ಲಿದ್ದದ್ದೂ ಜಗತ್ತು ಯಹೂದಿಗಳ ಹಿಡಿತದಲ್ಲಿದೆ ಎಂಬ ಇದೇ ನಂಬಿಕೆ. ಇದು ಗೊತ್ತಿಲ್ಲದಿದ್ದರೆ ಆ ಹುಡುಗನ ತಪ್ಪು ಸಣ್ಣದಾಗುತ್ತದೆಯೇ? ಸ್ವಲ್ಪ. ಅವಳ ಹೊಟ್ಟೆನೋವು ಸಣ್ಣದಾಗುವುದಿಲ್ಲ.

ದೂರಿನ ವಿಷಯದಲ್ಲಿ ನಾನು ಕೊಟ್ಟದ್ದು ಮಾಹಿತಿ. ದೂರು ಎಂಬುದು ಒಂದೇ ಬಾಗಿಲಲ್ಲ. ತರಗತಿಯ ಗುಂಪು ಬದಲಿಸಿ, ನನ್ನ ಉತ್ತರಪತ್ರಿಕೆಯನ್ನು ಬೇರೆಯವರು ನೋಡಲಿ ಎಂದು ವಿಭಾಗವನ್ನು ಕೇಳಬಹುದು. ಅದಕ್ಕೆ ಯಾರಿಗೂ ಶಿಕ್ಷೆಯಾಗಬೇಕಿಲ್ಲ. ಅದರಾಚೆ ವಿಶ್ವವಿದ್ಯಾಲಯದ ನಾಗರಿಕ ಹಕ್ಕುಗಳ ಕಚೇರಿ; ಅಲ್ಲಿ ಪೂರ್ಣ ವಿಚಾರಣೆ ಬೇಡ, ರಾಜಿಯ ದಾರಿಯಲ್ಲಿ ಬಗೆಹರಿಸಿ ಎಂದೂ ಕೋರಬಹುದು. ಅದಕ್ಕೂ ಆಚೆ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆ. 1964ರ ನಾಗರಿಕ ಹಕ್ಕು ಕಾಯ್ದೆಯ ಆರನೆಯ ಅಧ್ಯಾಯದಲ್ಲಿ ಧರ್ಮದ ಹೆಸರಿಲ್ಲ, ಜನಾಂಗ, ಬಣ್ಣ, ರಾಷ್ಟ್ರಮೂಲ ಮಾತ್ರ ಇವೆ. ಆದರೂ 2004ರಿಂದೀಚೆಗೆ ವಂಶಮೂಲದ ನೆಲೆಯಲ್ಲಿ ಯಹೂದಿ ವಿದ್ಯಾರ್ಥಿಗಳ ದೂರನ್ನು ಇಲಾಖೆ ತೆಗೆದುಕೊಳ್ಳುತ್ತದೆ. ಘಟನೆಯಾದ 180 ದಿನಗಳೊಳಗೆ ಕೊಡಬೇಕು. ‘ಆ ದಿನಾಂಕವನ್ನು ಫೋನಿನಲ್ಲಿ ಗುರುತು ಮಾಡಿಕೊ. ಇವತ್ತು ತೀರ್ಮಾನಿಸಬೇಕಿಲ್ಲ’ ಎಂದೆ.

ವೀಸಾದ ಪ್ರಶ್ನೆಗೆ ಸಮಾಧಾನದ ಸುಳ್ಳು ಹೇಳಲಿಲ್ಲ. ಒಳಗಿನ ದೂರು ತಾನಾಗಿಯೇ ವಲಸೆ ಇಲಾಖೆಗೆ ಹೋಗುವುದಿಲ್ಲ. ಆದರೆ ವಿದ್ಯಾರ್ಥಿಯನ್ನು ಅಮಾನತು ಮಾಡಿ ಓದು ನಿಂತರೆ ವೀಸಾದ ಸ್ಥಿತಿ ಅಲುಗಾಡುತ್ತದೆ. ಹೆಚ್ಚಿನದಕ್ಕೆ ವಕೀಲರನ್ನೇ ಕೇಳಬೇಕು, ಅದು ನನ್ನ ವಿದ್ಯೆಯಲ್ಲ. ಒಂದು ವಿಷಯದಲ್ಲಿ ಮಾತ್ರ ನೇರವಾಗಿ ಬೇಡ ಎಂದೆ. ಅವಳ ಪರಿಚಯದವನೊಬ್ಬ, ಆ ಸಹಾಯಕನ ಫೋಟೊ, ಹೆಸರನ್ನು ಪಟ್ಟಿ ಮಾಡುವವರಿಗೆ ಕಳಿಸಿಬಿಡೋಣ ಎಂದಿದ್ದ. ‘ಅಲ್ಲಿಗೆ ಹೋದದ್ದನ್ನು ನೀನು ಹಿಂದಕ್ಕೆ ಪಡೆಯಲಾರೆ. ಅವನ ಹೆಸರಿನ ಜೊತೆ ನಿನ್ನದೂ ಹೋಗುತ್ತದೆ. ನಾಳೆ ನಿನ್ನ ಕಥೆಯನ್ನು ನಿನಗೆ ಬೇಡವಾದವರು ಹೇಳುತ್ತಾರೆ.’

ಅಪ್ಪ ಅಷ್ಟರಲ್ಲಿ ವಕೀಲರನ್ನು ಹುಡುಕಿಯಾಗಿತ್ತು. ಅವಳ ಒಪ್ಪಿಗೆಯ ಮೇಲೆ ಮೂವರೂ ವಿಡಿಯೊದಲ್ಲಿ ಕೂತೆವು. ಅವರ ಸಿಟ್ಟಿಗೆ ನೂರು ವರ್ಷದ ಬೇರಿದೆ. 1922ರಲ್ಲಿ ಹಾರ್ವರ್ಡ್ ಅಧ್ಯಕ್ಷ ಲಾರೆನ್ಸ್ ಲೋವೆಲ್ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಲು ಹೊರಟಾಗ, ಅರ್ಜಿಯಲ್ಲೇ ನಿಮ್ಮ ಅಥವಾ ನಿಮ್ಮ ತಂದೆಯ ಹೆಸರು ಬದಲಾಗಿದೆಯೇ ಎಂದು ಕೇಳತೊಡಗಿದರು. ಅಂಥದೇ ಒಂದು ಅರ್ಜಿಯನ್ನು ತುಂಬದೆ ಹಿಂದಿರುಗಿದವರು ಅವರ ಅಜ್ಜ. ‘ಈಗಲೂ ಅರ್ಜಿ ತುಂಬಿಸಿಕೊಳ್ಳುತ್ತಿದ್ದಾರೆ, ನೋಡಿ’ ಎಂದರು. ಪರಿಸರ ಸಂಘದ ಮಟ್ಟಿಗೆ ಮಾತು ತಪ್ಪಲ್ಲ ಎಂದೆ; ಆದರೆ ದೂರುದಾರಳು ಮಗಳು, ವಕೀಲರಿಗೆ ಮೊದಲ ಕರೆ ಅವಳದಾಗಿರಬೇಕು ಎಂದೂ ಹೇಳಿದೆ. ಅವರಿಗೆ ಹಿಡಿಸಲಿಲ್ಲ. ಒಪ್ಪಿದರು.

ಅವಳು ಗುಂಪು ಬದಲಿಸಿಕೊಂಡಳು. ಮಂಗಳವಾರದ ನೋವು ಕಡಿಮೆಯಾಯಿತು, ಗುರುವಾರದ್ದು ಪರೀಕ್ಷೆಯವರೆಗೂ ಉಳಿಯಿತು. ಸೆಮಿಸ್ಟರ್ ಮುಗಿದು ಅಂಕ ಬಂದ ಮೇಲೆ ನಾಗರಿಕ ಹಕ್ಕುಗಳ ಕಚೇರಿಗೆ ಬರೆದು, ರಾಜಿಯ ದಾರಿಯನ್ನು ಕೋರಿದಳು. ಆ ಹುಡುಗ ಬ್ಯಾಂಕಿನ ಮಾತಿಗೆ ಲಿಖಿತವಾಗಿ ಕ್ಷಮೆ ಕೇಳಿದ. ಗಾಜಾದ ಪ್ರಶ್ನೆಗೆ ಕೇಳಲಿಲ್ಲ, ಅದನ್ನು ಯಾರನ್ನಾದರೂ ಕೇಳುತ್ತಿದ್ದೆ ಎಂದ. ಆ ತರಗತಿಯಲ್ಲಿ ಬೇರೆ ಯಾರನ್ನೂ ಕೇಳಿರಲಿಲ್ಲ. ಅವಳು ಪತ್ರದ ಮೊದಲರ್ಧವನ್ನು ಸ್ವೀಕರಿಸಿದ್ದೇನೆ ಎಂದು ಉತ್ತರ ಬರೆದಳು. ಪರಿಸರ ಸಂಘ, ಇನ್ನು ಮುಂದೆ ಎಲ್ಲ ಅಭ್ಯರ್ಥಿಗಳಿಂದಲೂ ಆ ನಾಲ್ಕು ಸಾಲು ಬರೆಸಿಕೊಳ್ಳುತ್ತೇವೆ ಎಂದಿತು. ಅವಳು ಹೆಸರು ಹಿಂತೆಗೆದುಕೊಂಡಳು. ಕರಡಿಗೆ ಕಿತ್ತವರು ಯಾರೆಂದು ಪತ್ತೆಯಾಗಲಿಲ್ಲ.

180ನೆಯ ದಿನ ಅಕ್ಟೋಬರ್ ಮೊದಲ ವಾರ ಬಂತು. ಅವಳು ಇಲಾಖೆಗೆ ದೂರು ಕೊಡಲಿಲ್ಲ. ಅಪ್ಪ ಇನ್ನೂ ಅದಕ್ಕೆ ಮುನಿಸಿಕೊಂಡಿದ್ದಾರೆ. ಈಗ ನಮ್ಮ ಭೇಟಿಗಳಲ್ಲಿ ಹೆಚ್ಚಿನ ಮಾತು ಅವರ ಬಗ್ಗೆಯೇ.