ಹಳೆಯ ಉಂಗುರದ ಕೆಂಪು ಹರಳು ಮಾಣಿಕ್ಯವೇ?

ಪ್ರಶ್ನೆ: ಅತ್ತೆಯವರು ಕೊಟ್ಟ ಉಂಗುರದ ಕೆಂಪು ಹರಳನ್ನು ಜುಲೈನಲ್ಲಿ ಹುಟ್ಟಿದ ಮಗಳಿಗೆ ಹೊಸದಾಗಿ ಕಟ್ಟಿಸಿಕೊಡಬೇಕೆಂದಿದ್ದೇನೆ. ಅರವತ್ತು ವರ್ಷ ಹಳೆಯದಾದ್ದರಿಂದ ಅದು ಅಪ್ಪಟ ಮಾಣಿಕ್ಯವೆಂದು ಮನೆಯವರು ನಂಬಿದ್ದಾರೆ. ಆದರೆ ಹರಳಿನೊಳಗೆ ಒಂದು ಗೀರೂ ಇಲ್ಲವೆಂದು ಪತ್ತಾರರು ಅನುಮಾನಪಡುತ್ತಾರೆ. ಯಾರ ಮಾತು ಸರಿ?
– ಗೃಹಿಣಿ, ವಿಜಯಪುರ

ಉತ್ತರ: ಪತ್ತಾರರ ಅನುಮಾನಕ್ಕೆ ಬಲವಾದ ಆಧಾರವಿದೆ. ಮಾಣಿಕ್ಯವು ಅಲ್ಯೂಮಿನಿಯಂ ಮತ್ತು ಆಮ್ಲಜನಕ ಕೂಡಿ ಆದ ಖನಿಜ. ಅದರಲ್ಲಿ ಬೆರೆತ ಅತ್ಯಲ್ಪ ಕ್ರೋಮಿಯಂನಿಂದ ಕೆಂಪು ಬರುತ್ತದೆ. ಭೂಮಿಯ ಹೊರಪದರದಲ್ಲಿ ಮರಳಿನ ಮುಖ್ಯ ಅಂಶವಾದ ಸಿಲಿಕಾ ಹೇರಳವಾಗಿದ್ದು, ಅಲ್ಯೂಮಿನಿಯಂ ಅದರೊಡನೆ ಸೇರಿ ಬೇರೆ ಖನಿಜಗಳಾಗಿಬಿಡುವುದರಿಂದ, ಸಿಲಿಕಾ ಕಡಿಮೆಯಿದ್ದು ಕ್ರೋಮಿಯಂ ಒದಗುವ ಅಪರೂಪದ ತಾಣಗಳಲ್ಲಿ ಮಾತ್ರ ಮಾಣಿಕ್ಯ ಹುಟ್ಟುತ್ತದೆ. ಮ್ಯಾನ್ಮಾರಿನ ಮೊಗೋಕ್ ಕಣಿವೆಯ ಅಮೃತಶಿಲೆ ಅಂತಹ ತಾಣ. ಅಲ್ಲಿ ಕಬ್ಬಿಣದ ಅಂಶವೂ ಕಡಿಮೆ ಇರುವುದರಿಂದ ಆ ಹರಳುಗಳು ಬಿಸಿಲಿನಲ್ಲಿ ಕೆಂಡದಂತೆ ಹೊಳೆಯುತ್ತವೆ. ಹೀಗೆ ನೆಲದೊಳಗೆ ಬೆಳೆದ ಹರಳಿನಲ್ಲಿ ಸೂಜಿಯಂತಹ ಎಳೆಗಳೋ ಸಣ್ಣ ಬಿರುಕುಗಳೋ ಸಾಮಾನ್ಯವಾಗಿ ಇದ್ದೇ ಇರುತ್ತವೆ. ನನ್ನ ದೃಷ್ಟಿಯಲ್ಲಿ ಅವು ದೋಷವಲ್ಲ, ಹರಳಿನ ಹುಟ್ಟಿಗೆ ಸಾಕ್ಷಿ.

ಉಂಗುರ ಹಳೆಯದು ಎಂಬುದರಿಂದ ಏನೂ ಸಿದ್ಧವಾಗದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೆರ್ನೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ಕೃತಕ ಮಾಣಿಕ್ಯ ಅಗ್ಗವಾಗಿ ತಯಾರಾಗತೊಡಗಿತು. ಅದು ಗಾಜಲ್ಲ, ರಾಸಾಯನಿಕವಾಗಿಯೂ ಗಡಸುತನದಲ್ಲಿಯೂ ಗಣಿಯ ಹರಳಿಗೆ ಸಮವಾಗಿದ್ದು, ಗಡಸುತನವನ್ನು 1ರಿಂದ 10ರವರೆಗೆ ಸೂಚಿಸುವ ಮೋಸ್ ಮಾಪನದಲ್ಲಿ 9ನೆಯ ಸ್ಥಾನದಲ್ಲಿದೆ. ಆದ್ದರಿಂದ ಗೀರಿ ನೋಡುವುದರಿಂದ ಪ್ರಯೋಜನವಿಲ್ಲ. ಸೂಕ್ಷ್ಮದರ್ಶಕದಲ್ಲಿ ಬಾಗಿದ ಗೆರೆಗಳೂ ಗಾಳಿಗುಳ್ಳೆಗಳೂ ಕಂಡರೆ ಅದು ಕುಲುಮೆಯಲ್ಲಿ ಬೆಳೆದದ್ದೆಂದು ತಿಳಿಯಬಹುದು. ಬ್ರಿಟಿಷ್ ರಾಜಕಿರೀಟದಲ್ಲಿ 'ಬ್ಲ್ಯಾಕ್ ಪ್ರಿನ್ಸ್‌ನ ಮಾಣಿಕ್ಯ'ವೆಂದು ಹೆಸರಾದ ಹರಳೂ ವಾಸ್ತವದಲ್ಲಿ ಸ್ಪಿನೆಲ್ ಎಂಬ ಬೇರೆ ಖನಿಜ, ಬಣ್ಣವೊಂದನ್ನೇ ನಂಬಬಾರದು.

ನಮ್ಮ ನವರತ್ನಗಳಲ್ಲಿ ಮಾಣಿಕ್ಯ ಸೂರ್ಯನ ರತ್ನ. ಜುಲೈ ತಿಂಗಳಿಗೆ ಅದನ್ನು ಗೊತ್ತುಪಡಿಸಿರುವ, ಹುಟ್ಟಿದ ತಿಂಗಳಿಗೊಂದು ರತ್ನವೆಂಬ ಇಂದಿನ ಪಟ್ಟಿಯನ್ನು ಅಮೆರಿಕದ ಆಭರಣ ವ್ಯಾಪಾರಿಗಳು 1912ರಲ್ಲಿ ನಿಗದಿಪಡಿಸಿದರು. ಇವೆರಡೂ ಬೇರೆ ಬೇರೆ ಪರಂಪರೆಗಳು.

ಉಂಗುರವನ್ನು ಬಿಚ್ಚಿಸುವ ಮೊದಲು ರತ್ನ ಪರೀಕ್ಷಾ ಪ್ರಯೋಗಾಲಯದಿಂದ ಪ್ರಮಾಣಪತ್ರ ಪಡೆಯಿರಿ. ಹರಳು ಸಹಜವೇ, ಬಿರುಕುಗಳಿಗೆ ಗಾಜು ತುಂಬಲಾಗಿದೆಯೇ ಎಂಬುದು ಅದರಲ್ಲಿ ನಮೂದಾಗಿರಬೇಕು. ಈಗ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಅನೇಕ ಮಾಣಿಕ್ಯಗಳಲ್ಲಿ ಸೀಸದ ಗಾಜು ತುಂಬಿರುತ್ತದೆ. ಬೆಸುಗೆಯ ಉರಿ ತಗುಲಿದರೆ, ನಿಂಬೆರಸ ಬಿದ್ದರೂ ಸಹ, ಆ ಗಾಜು ಹಾಳಾಗುತ್ತದೆ. ಆದ್ದರಿಂದ ಮಗಳಿಗಾಗಿ ಮುಂದೆ ಹೊಸ ಹರಳನ್ನು ಕೊಳ್ಳುವುದಾದರೂ ಈ ವಿಷಯವನ್ನು ಬರಹದಲ್ಲೇ ಪಡೆದು, ಕಟ್ಟುವ ಪತ್ತಾರರಿಗೆ ಮೊದಲೇ ತೋರಿಸಿ.