‘ಶಾಲೆ ನಷ್ಟದಲ್ಲಿದೆ’ ಅಂದರೆ ಲೆಕ್ಕ ಕೇಳಿ
ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ

ಈ ಸಲವೂ ಬಹುಪಾಲು ಪತ್ರಗಳು ಖಾಸಗಿ ಶಾಲೆಗಳ ಶಿಕ್ಷಕರಿಂದ ಬಂದಿವೆ. ಊರು ಬೇರೆ ಬೇರೆ, ಕಷ್ಟ ಮಾತ್ರ ಒಂದೇ. ಹಿಂದೆಯೂ ಉತ್ತರಿಸಿದ್ದೇನೆ. ಆದರೂ ಅದೇ ತಪ್ಪು ದಾರಿ ಹಿಡಿದು ದುಡ್ಡು ಕಳೆದುಕೊಳ್ಳುವವರು ಕಮ್ಮಿಯಾಗಿಲ್ಲ. ಹಾಗಾಗಿ ಈ ಸಲ ಆ ಪ್ರಶ್ನೆಗೇ ಜಾಸ್ತಿ ಜಾಗ.

ಪ್ರಶ್ನೆ: ನಮ್ಮದು ಅನುದಾನರಹಿತ ಶಾಲೆ. ಎಷ್ಟೋ ವರ್ಷದಿಂದ ಪಾಠ ಮಾಡುತ್ತಿದ್ದರೂ ಸಂಬಳ 12,000 ದಾಟಿಲ್ಲ. ಏಪ್ರಿಲ್, ಮೇ ತಿಂಗಳ ಸಂಬಳ ಕೊಡುವುದೇ ಇಲ್ಲ. ಕೇಳಿದರೆ ‘ಶಾಲೆ ನಷ್ಟದಲ್ಲಿದೆ’ ಅನ್ನುತ್ತಾರೆ. ಪರಿಚಯದವರೊಬ್ಬರು ‘ಲೇಬರ್ ಕೋರ್ಟಿನಲ್ಲಿ ಕೇಸ್ ಹಾಕಿಸುತ್ತೇನೆ, ತಲಾ ಐದು ಸಾವಿರ ಕೊಡಿ’ ಅಂತಿದ್ದಾರೆ. ಏನು ಮಾಡೋಣ ಸರ್?

ಮೊದಲು ಆ ಐದು ಸಾವಿರ ಉಳಿಸಿಕೊಳ್ಳಿ ಮೇಡಂ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಶಿಕ್ಷಕರು ‘ಕಾರ್ಮಿಕ’ರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ, ಹಾಗಾಗಿ ಲೇಬರ್ ಕೋರ್ಟಿನಲ್ಲಿ ನಿಮ್ಮ ಕೇಸ್ ನಿಲ್ಲುವುದಿಲ್ಲ. ಗೋವಾದ ಸುಂದರಾಂಬಾಳ್ ಪ್ರಕರಣ ಅದು. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಪಾಠ ಹೇಳುವುದು ದೊಡ್ಡ ಕೆಲಸ ಎಂದು ಹೊಗಳಿದರೆ ಮನೆ ಬಾಡಿಗೆ ಕಟ್ಟಿದಂತಾಗುವುದಿಲ್ಲ. ಆದರೆ ತೀರ್ಪು ತೀರ್ಪೇ. ಅದನ್ನು ಮುಚ್ಚಿಟ್ಟು ನಿಮ್ಮಿಂದ ದುಡ್ಡು ಎತ್ತುವವರು ಮೋಸಗಾರರು. ಅವರನ್ನು ಹತ್ತಿರ ಸೇರಿಸಬೇಡಿ.

ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಆದರೆ ಆಡಳಿತ ಮಂಡಳಿಯನ್ನು ಮಾತುಕತೆಗೆ ಎಳೆದು ಕೂರಿಸುವ ಕಾನೂನು ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ನಿಮ್ಮ ಬಲ ಇರುವುದು ಒಗ್ಗಟ್ಟಿನಲ್ಲಿ, ಕೇಳುವ ಸಮಯದಲ್ಲಿ, ಎಲ್ಲಕ್ಕಿಂತ ಜಾಸ್ತಿ ಶಾಲೆಯ ಲೆಕ್ಕದಲ್ಲಿ. ಈ ಲೆಕ್ಕದ ಕೆಲಸವನ್ನೇ ಯಾರೂ ಮಾಡುವುದಿಲ್ಲ. ‘ಬೆಲೆ ಏರಿದೆ, ದಯವಿಟ್ಟು ಸಂಬಳ ಹೆಚ್ಚಿಸಿ’ ಅಂತ ಅರ್ಜಿ ಕೊಟ್ಟು, ‘ನೋಡೋಣ’ ಅನ್ನಿಸಿಕೊಂಡು ವಾಪಸ್ ಬರುತ್ತಾರೆ.

ಒಂದು ಹಾಳೆ ತೆಗೆದುಕೊಳ್ಳಿ. ಲೆಕ್ಕಕ್ಕೆ 400 ಮಕ್ಕಳ ಶಾಲೆ, ಸರಾಸರಿ ಫೀ 25,000 ಅಂತ ಇಟ್ಟುಕೊಳ್ಳೋಣ. ಒಟ್ಟು ಒಂದು ಕೋಟಿ. ರಿಯಾಯಿತಿ, ಬಾಕಿ ಅಂತ 15 ಲಕ್ಷ ಕಳೆಯಿರಿ, 85 ಲಕ್ಷ ಉಳಿಯಿತು. 20 ಶಿಕ್ಷಕರಿಗೆ 12,000ದಂತೆ ಹತ್ತು ತಿಂಗಳಿಗೆ 24 ಲಕ್ಷ. ಅಂದರೆ ಬಂದ ಫೀಯಲ್ಲಿ ನೂರಕ್ಕೆ 28 ರೂಪಾಯಿ ಮಾತ್ರ ಪಾಠ ಮಾಡುವವರಿಗೆ ಹೋಗುತ್ತಿದೆ. ಹನ್ನೆರಡು ತಿಂಗಳು 15,000 ಕೊಟ್ಟರೆ 36 ಲಕ್ಷ ಆಗುತ್ತದೆ. ನೀವು ಜಾಸ್ತಿ ಕೇಳುತ್ತಿರುವುದು 12 ಲಕ್ಷ. ನಿಮ್ಮ ಶಾಲೆಯ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ‘ದುಡ್ಡಿಲ್ಲ’ ಅನ್ನುವವರ ಮುಂದೆ ಈ ಹಾಳೆ ಇಟ್ಟರೆ ಮಾತಿನ ವರಸೆಯೇ ಬದಲಾಗುತ್ತದೆ.

ಉಳಿದ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಲು ಆಡಿಟ್ ಆದ ಲೆಕ್ಕಪತ್ರ ಬೇಕು. ನಿಮ್ಮ ಸಂಸ್ಥೆ ಸೊಸೈಟಿಯಾಗಿ ನೋಂದಣಿ ಆಗಿದ್ದರೆ ಅದನ್ನು ಪ್ರತಿ ವರ್ಷ ಸೊಸೈಟಿಗಳ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಪ್ರತಿ ಕೇಳಿ. ಅರ್ಜಿ ನಿಮ್ಮ ಹೆಸರಲ್ಲಿ ಬೇಡ, ಸಂಘದಲ್ಲಿರುವ ಹೊರಗಿನವರು ಯಾರಾದರೂ ಹಾಕಲಿ. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೆದರುವವನು, ಹೆದರಲು ಕಾರಣವೂ ಇದೆ. ಪ್ರತಿ ಬಂದ ಮೇಲೆ ಮೂರು ಸಾಲು ಹುಡುಕಿ: ಕಟ್ಟಡದ ಬಾಡಿಗೆ ಎಷ್ಟು, ಆ ಕಟ್ಟಡ ಯಾರ ಹೆಸರಲ್ಲಿದೆ; ಬಸ್ಸಿನ ಖರ್ಚು ಎಷ್ಟು, ಬಸ್ ಫೀ ಎಷ್ಟು ಬಂದಿದೆ; ಪದಾಧಿಕಾರಿಗಳಿಂದ ತಂದ ಸಾಲ ಅಂತ ತೋರಿಸಿ ಬಡ್ಡಿ ಕಟ್ಟುತ್ತಿದ್ದಾರಾ. ಇಷ್ಟರಲ್ಲೇ ‘ನಷ್ಟ’ದ ಗುಟ್ಟು ಸಿಗಬಹುದು. ನಿಜವಾಗಿಯೂ ನಷ್ಟವಿದ್ದರೆ ಅದೂ ಗೊತ್ತಾಗುತ್ತದೆ. ಮಕ್ಕಳು ಕಮ್ಮಿಯಾದ ಶಾಲೆಯಲ್ಲಿ ಹಾಗಾಗುತ್ತದೆ. ಆಗ ಪಟ್ಟು ಸಡಿಲಿಸಬೇಕು.

ಇನ್ನು ಸಮಯ. ಜೂನ್‌ನಲ್ಲಿ ಕೇಳಿದರೆ ಪ್ರಯೋಜನವಿಲ್ಲ, ಅಷ್ಟೊತ್ತಿಗೆ ಫೀ ನಿಗದಿಯಾಗಿ ದುಡ್ಡು ಹಂಚಿಕೆಯೂ ಆಗಿರುತ್ತದೆ. ಮುಂದಿನ ವರ್ಷದ ಫೀ ತೀರ್ಮಾನ ಆಗುವ ಮೊದಲೇ, ಡಿಸೆಂಬರ್-ಜನವರಿಯಲ್ಲಿ ಬೇಡಿಕೆ ಪತ್ರ ಕೊಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿಗೆ ಪಾಠ ನಿಲ್ಲಿಸುತ್ತೇವೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪೋಷಕರು ನಿಮ್ಮ ಕಡೆ ಇರಬೇಕಾದವರು, ಅವರನ್ನು ಒಂದೇ ದಿನದಲ್ಲಿ ಕಳೆದುಕೊಳ್ಳುತ್ತೀರಿ.

ಪತ್ರದಲ್ಲಿ ಹನ್ನೆರಡು ತಿಂಗಳ ಸಂಬಳ, ಬ್ಯಾಂಕ್ ಖಾತೆಗೇ ಪಾವತಿ, ನೇಮಕಾತಿ ಆದೇಶ, ಪಿಎಫ್ ಮೊದಲು ಬರಲಿ. ಸಂಬಳ ಏರಿಕೆ ಆಮೇಲೆ. ಆದೇಶದ ಪ್ರತಿಯೇ ಇಲ್ಲದವರು ಎಷ್ಟು ಸಂಬಳಕ್ಕೆ ಸೇರಿದ್ದು ಅಂತ ನಾಳೆ ಹೇಗೆ ತೋರಿಸುತ್ತೀರಿ? ಸಹಿಗಳನ್ನು ಸಾಲಾಗಿ ಹಾಕದೆ ದುಂಡಗೆ ಹಾಕಿ, ಮೊದಲ ಹೆಸರು ಯಾರದು ಅಂತ ಗೊತ್ತಾಗಬಾರದು. ಮಾತಾಡಲು ಮೂವರು ಹೋಗಿ. ಅವರಲ್ಲೊಬ್ಬರು ಹತ್ತನೇ ತರಗತಿಗೆ ಗಣಿತ ಮಾಡುವವರಾಗಿರಲಿ, ಅವರನ್ನು ವರ್ಷದ ನಡುವೆ ಕಳಿಸಲು ಯಾರೂ ಮುಂದಾಗುವುದಿಲ್ಲ. ಒಪ್ಪಿದ್ದು ಏನು ಅಂತ ಅವತ್ತೇ ಸಂಜೆ ಬರೆದು ಇಮೇಲ್ ಕಳಿಸಿ. ಬಾಯಿ ಮಾತಿನ ಒಪ್ಪಂದ ಬೇಸಿಗೆ ರಜೆ ದಾಟುವುದಿಲ್ಲ.

ಕೆಲಸದಿಂದ ತೆಗೆದರೆ ಅಂತ ಹೆದರುತ್ತೀರಿ. ಹೆದರಿಕೆ ಸಹಜ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಕಲಂ ಪ್ರಕಾರ ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ವಜಾ ಮಾಡಿದರೆ 94ನೇ ಕಲಂ ಅಡಿ ಶಿಕ್ಷಣ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಆದೇಶ ಕೈಗೆ ಬಂದ ಮೂರು ತಿಂಗಳೊಳಗೆ ಹೋಗಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಮನವಿ ಕೊಟ್ಟು, ಶಾಸಕರ ಮನೆಗೆ ಅಲೆದು, ವರ್ಷ ಕಳೆದ ಮೇಲೆ ನಮ್ಮ ಹತ್ತಿರ ಬರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಮೂರು ತಿಂಗಳನ್ನು ಕೈಬಿಡಬೇಡಿ.

ಇನ್ನೊಂದು. ತಾರೀಖಿಲ್ಲದ ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಡಿ. ಸಹಿ ಹಾಕಿ ಕೊಟ್ಟರೆ ಅವರು ನಿಮ್ಮನ್ನು ವಜಾ ಮಾಡಬೇಕಾಗಿಯೇ ಇಲ್ಲ, ‘ಅವರೇ ಬಿಟ್ಟು ಹೋದರು’ ಅನ್ನುತ್ತಾರೆ. ಮೂಲ ಅಂಕಪಟ್ಟಿಯನ್ನೂ ಕೊಡಬೇಡಿ. ನೋಡಲು ಕೇಳಿದರೆ ತೋರಿಸಿ ವಾಪಸ್ ತನ್ನಿ, ಇಟ್ಟುಕೊಳ್ಳಲು ಜೆರಾಕ್ಸ್ ಸಾಕು.

ಪ್ರಶ್ನೆ: ಖಾಸಗಿ ಶಾಲೆ ಶಿಕ್ಷಕರಿಗೆ ಗ್ರ್ಯಾಚುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಹಣ) ಇಲ್ಲ ಅಂತ ನಮ್ಮ ಸೆಕ್ರೆಟರಿ ಹೇಳುತ್ತಾರೆ. ನಿಜವಾ?

ಸುಳ್ಳು. 2004ರಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಅಂದಿತ್ತು, ಸೆಕ್ರೆಟರಿಗಳೆಲ್ಲ ಅಲ್ಲಿಗೇ ನಿಂತುಬಿಟ್ಟಿದ್ದಾರೆ. 2009ರಲ್ಲಿ ಸಂಸತ್ತು ಗ್ರ್ಯಾಚುಟಿ ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯ ಮಾಡಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊನೆಯ ಸಂಬಳ 12,000, ಸೇವೆ ಹತ್ತು ವರ್ಷ ಅಂದರೆ ಸುಮಾರು 69,000 ರೂಪಾಯಿ ಬರಬೇಕು. ಬಿಟ್ಟುಕೊಡಬೇಡಿ.

ಪ್ರಶ್ನೆ: ನಮ್ಮ ಶಾಲೆಯನ್ನು ಅನುದಾನಕ್ಕೆ ಒಳಪಡಿಸಲು ಬೆಂಗಳೂರಿನಲ್ಲಿ ‘ಓಡಾಟದ ಖರ್ಚು’ ಅಂತ ಒಬ್ಬರು ಪ್ರತಿ ಶಿಕ್ಷಕರಿಂದ ಹಣ ಸಂಗ್ರಹಿಸುತ್ತಿದ್ದಾರೆ. ಕೊಡಬಹುದೇ?

ಬೇಡ. ಅನುದಾನ ಬರುವುದು ಸರ್ಕಾರಿ ಆದೇಶದಿಂದ. ಆದೇಶದ ಸಂಖ್ಯೆ, ದಿನಾಂಕ ತೋರಿಸಲಾಗದವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಕೊಟ್ಟಿದ್ದರೆ ಪೊಲೀಸ್ ದೂರು ಕೊಡಿ.

ಪ್ರಶ್ನೆ: ನಾನು ಸರ್ಕಾರಿ ಶಿಕ್ಷಕ. ಮುಷ್ಕರ ನಮ್ಮ ಮೂಲಭೂತ ಹಕ್ಕಲ್ವಾ?

ಅಲ್ಲ. 2003ರ ತಮಿಳುನಾಡು ನೌಕರರ ಪ್ರಕರಣದಲ್ಲೇ ಅದು ತೀರ್ಮಾನವಾಗಿದೆ. ಒಗ್ಗಟ್ಟಿದ್ದರೆ ಫಲ ಸಿಗುತ್ತದೆ ಅನ್ನುವುದೂ ನಿಜ: 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಮುಷ್ಕರಕ್ಕೆ ಇಳಿದ ದಿನವೇ 17% ಮಧ್ಯಂತರ ಪರಿಹಾರ (ವೇತನ ಪರಿಷ್ಕರಣೆ ಆಗುವವರೆಗೆ ಕೊಡುವ ಹೆಚ್ಚುವರಿ ಹಣ) ಘೋಷಣೆಯಾಯಿತು. ಆದರೆ ಶಿಸ್ತು ಕ್ರಮದ ನೋಟಿಸ್ ಬಂದಾಗ ‘ಹಕ್ಕು’ ಅಂತ ಉತ್ತರ ಬರೆಯಬೇಡಿ.

ಪ್ರಶ್ನೆ: ನಮ್ಮ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 28 ಮಕ್ಕಳು. ಶಾಲಾ ಅನುದಾನ 25,000 ಬರಬೇಕಲ್ವಾ? ಹತ್ತೇ ಸಾವಿರ ಬಂದಿದೆ.

ಹತ್ತೇ ಸಾವಿರ ಸರಿ. ಈ ಅನುದಾನ ಕೊಡುವ ‘ಸಮಗ್ರ ಶಿಕ್ಷಣ’ ಯೋಜನೆಯ ನಿಯಮದಲ್ಲಿ 30 ಮಕ್ಕಳವರೆಗೆ 10,000, ಅದರ ಮೇಲೆ ನೂರರವರೆಗೆ 25,000. ಸೀಮೆಸುಣ್ಣದಿಂದ ಕರೆಂಟ್ ಬಿಲ್‌ವರೆಗೆ ಇದರಲ್ಲೇ ಆಗಬೇಕು, ಹತ್ತರಲ್ಲೊಂದು ಪಾಲು ಸ್ವಚ್ಛತೆಗೆ ಎತ್ತಿಡಬೇಕು. ಸಾಲುವುದಿಲ್ಲ, ನನಗೂ ಗೊತ್ತು. ಚಿಕ್ಕ ಶಾಲೆಯ ಚಾವಣಿಯೂ ದೊಡ್ಡ ಶಾಲೆಯ ಚಾವಣಿಯಷ್ಟೇ ಸೋರುತ್ತದೆ. ಈ ನಿಯಮ ಬದಲಾಗಬೇಕು ಅಂತ ಪ್ರತಿ ತಾಲ್ಲೂಕು ಸಂಘವೂ ಠರಾವು ಮಾಡಿ ಕಳಿಸಬೇಕು. ಅಲ್ಲಿಯವರೆಗೆ ಖರ್ಚಿನ ರಸೀದಿಗಳನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿ ಪುಸ್ತಕಕ್ಕೆ ಅಂಟಿಸಿಡಿ. ಶಾಲೆಗಳ ಮಾಹಿತಿ ದಾಖಲಿಸುವ ಯುಡೈಸ್‌ನಲ್ಲಿ ಮಕ್ಕಳ ಸಂಖ್ಯೆ ತಪ್ಪಾಗಿ ಹೋಗದಂತೆ ನೋಡಿಕೊಳ್ಳಿ, ದುಡ್ಡು ಬರುವುದು ಅದರ ಮೇಲೆಯೇ.