ಸಣ್ಣ ಎಳೆಯ ನೇರ ಕೂದಲಿಗೆ ಜಾಸ್ತಿ ಆರೈಕೆ ಬೇಡದ, ವಯಸ್ಸಿಗೆ ತಕ್ಕ ಹಾಗೆ ಕಾಣುವ ಕಟ್ ಯಾವುದು?

ನಿಮ್ಮ ಪ್ರಶ್ನೆ ಓದಿದಾಗ ಕೆಲವು ವರ್ಷದ ಹಿಂದಿನ ನಾನೇ ಬರೆದ ಹಾಗಿತ್ತು. ವಯಸ್ಸು 32, ಬೆನ್ನಿನ ಅರ್ಧದವರೆಗೆ ಬರುವ ನೇರ ಕೂದಲು, ಎಳೆ ತುಂಬಾ ಸಣ್ಣ, ಹೈಸ್ಕೂಲಿನಿಂದ ಅದೇ ಪೋನಿಟೇಲ್. ಈಗ ಕೆಲಸದಲ್ಲಿ ಒಂದು ತಂಡ ನೋಡಿಕೊಳ್ಳುತ್ತಿದ್ದೀರಿ, ಆದರೂ ಹೊಸಬರು ನಿಮ್ಮನ್ನು ಟ್ರೈನಿ ಅಂದುಕೊಳ್ಳುತ್ತಾರೆ. ಬೆಳಿಗ್ಗೆ ತಲೆಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡಲು ಆಗುವುದಿಲ್ಲ. ಪಾರ್ಲರಿನಲ್ಲಿ ಲೇಯರ್ ಮಾಡಿಸಿ ಅನ್ನುತ್ತಿದ್ದಾರೆ, ಒಪ್ಪಲೇ ಅಂತ ಕೇಳಿದ್ದೀರಿ.

ಒಪ್ಪಬೇಡಿ. ಕಾಲರ್ ಬೋನ್ ಮಟ್ಟಕ್ಕೆ, ಸುತ್ತಲೂ ಒಂದೇ ಉದ್ದಕ್ಕೆ, ತುದಿ ಗೆರೆ ಎಳೆದ ಹಾಗೆ ಸಮನಾಗಿ ಕತ್ತರಿಸಿಕೊಳ್ಳಿ. ಬೈತಲೆಯನ್ನು ನಡುವಿನಿಂದ ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಸಿ. ಹಣೆ ಮೇಲೆ ಬೀಳುವ ಗಿಡ್ಡ ಫ್ರಿಂಜ್ ಬೇಡ. ನನ್ನ ಉತ್ತರ ಇಷ್ಟೇ. ಆದರೆ ಕಾರಣ ಗೊತ್ತಿಲ್ಲದಿದ್ದರೆ ಕುರ್ಚಿಯಲ್ಲಿ ಕೂತಾಗ ಯಾರೋ ಹೇಳಿದ್ದಕ್ಕೆ ತಲೆಯಾಡಿಸಿಬಿಡುತ್ತೀರಿ. ನಾನು ಹಾಗೇ ಮಾಡಿದ್ದೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಎಳೆ ಸಣ್ಣಗಿರುವುದು ಬೇರೆ, ಕೂದಲು ಕಡಿಮೆ ಇರುವುದು ಬೇರೆ. ಉದುರಿದ ಒಂದು ಕೂದಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಟ್ಟು ಹೊಸಕಿ ನೋಡಿ. ಏನೂ ಇಲ್ಲದ ಹಾಗೆ ಅನ್ನಿಸಿದರೆ ಎಳೆ ಸಣ್ಣ. ಅಳತೆಯಲ್ಲಿ ಹೇಳುವುದಾದರೆ ಸಣ್ಣ ಎಳೆ ಸುಮಾರು 0.06 ಮಿಲಿಮೀಟರ್‌ಗಿಂತ ಕಡಿಮೆ ದಪ್ಪ ಇರುತ್ತದೆ, ಒರಟು ಕೂದಲು 0.08 ದಾಟುತ್ತದೆ. ಕೂದಲು ಕಡಿಮೆಯೋ ಅಲ್ಲವೋ ಅನ್ನುವುದು ಬೈತಲೆ ನೋಡಿದರೆ ತಿಳಿಯುತ್ತದೆ. ಬೈತಲೆ ಕಿರಿದಾಗಿ, ನೆತ್ತಿಯ ಚರ್ಮ ಜಾಸ್ತಿ ಕಾಣದೆ ಇದ್ದರೆ ನಿಮ್ಮ ತಲೆಯಲ್ಲಿ ಕೂದಲು ಬೇಕಾದಷ್ಟಿದೆ. ಸಣ್ಣ ಎಳೆಯವರಲ್ಲಿ ಎಷ್ಟೋ ಜನರಿಗೆ ಕೂದಲು ದಟ್ಟವಾಗಿಯೇ ಇರುತ್ತದೆ, ಕಟ್ಟಿದಾಗ ಮಾತ್ರ ಇಷ್ಟೇ ಇಷ್ಟು ಅನ್ನಿಸುತ್ತದೆ. ಅಕಸ್ಮಾತ್ ಬೈತಲೆ ಈಚೆಗೆ ಅಗಲವಾಗುತ್ತಾ ಬಂದಿದ್ದರೆ ಅಥವಾ ಮೊದಲಿಗಿಂತ ಬಹಳ ಉದುರುತ್ತಿದ್ದರೆ ಕಟ್ ಆಮೇಲೆ, ಚರ್ಮದ ಡಾಕ್ಟರ್ ಮೊದಲು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲು.

ಈಗ ಸಣ್ಣ ಎಳೆ ಯಾಕೆ ತಲೆಗೆ ಅಂಟಿಕೊಳ್ಳುತ್ತದೆ ಅಂತ ನೋಡಿ. ಒಂದೇ ವಸ್ತುವಿನ ಎರಡು ಕಡ್ಡಿ ತಗೊಂಡರೆ, ಒಂದರ ದಪ್ಪ ಇನ್ನೊಂದರ ಅರ್ಧ ಇದ್ದರೆ, ಅದರ ಬಿಗುವು ಅರ್ಧ ಆಗುವುದಿಲ್ಲ, 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೂದಲಿಗೂ ಇದೇ ಲೆಕ್ಕ. ದಪ್ಪ ಎಳೆ ಬುಡದಲ್ಲಿ ತಾನೇ ಎದ್ದು ನಿಲ್ಲುತ್ತದೆ. ನಮ್ಮದು ತನ್ನ ಉದ್ದದ ಭಾರಕ್ಕೇ ಬಾಗಿ ಕೆಳಗೆ ಬೀಳುತ್ತದೆ. ಉದ್ದ ಜಾಸ್ತಿ ಆದಷ್ಟೂ ನೆತ್ತಿ ಚಪ್ಪಟೆ. ಮೂಸ್, ಸ್ಪ್ರೇ ಎಷ್ಟು ಹಾಕಿದರೂ ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ. ಉದ್ದ ಕಡಿಮೆ ಮಾಡಿದರೆ ಮಾತ್ರ ಬುಡಕ್ಕೆ ಉಸಿರು ಬರುತ್ತದೆ.

ತುದಿಯ ಕಥೆ ಇನ್ನೊಂದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್, ಕೆಲವರಿಗೆ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಬುಡದಿಂದ 50 ಸೆಂಟಿಮೀಟರ್ ಕೆಳಗಿರುವ ತುದಿಗೆ ನಾಲ್ಕು ವರ್ಷದಷ್ಟು ವಯಸ್ಸು. ಅಷ್ಟು ವರ್ಷದ ಬಾಚಣಿಗೆ, ರಬ್ಬರ್ ಬ್ಯಾಂಡ್, ಬಿಸಿಲು ಎಲ್ಲವನ್ನೂ ಅದು ತಡೆದುಕೊಂಡಿದೆ. ಜೊತೆಗೆ ಎಲ್ಲಾ ಕೂದಲೂ ಅಷ್ಟು ಉದ್ದ ಬರುವ ತನಕ ತಲೆಯಲ್ಲಿ ಉಳಿಯುವುದಿಲ್ಲ. ಕೆಲವು ಮಧ್ಯದಲ್ಲೇ ಉದುರಿ ಹೊಸದಾಗಿ ಹುಟ್ಟಿರುತ್ತವೆ, ಕೆಲವು ಅರ್ಧಕ್ಕೆ ಮುರಿದಿರುತ್ತವೆ. ಹಾಗಾಗಿ ಭುಜದ ಹತ್ತಿರ ಒಂದು ಹಿಡಿ ಇದ್ದ ಕೂದಲು ಬೆನ್ನಿನ ಹತ್ತಿರ ಬರುವಾಗ ಬೆರಳಿನಷ್ಟಾಗುತ್ತದೆ, ಅಲ್ವಾ? ನಿಮ್ಮ ಕೂದಲನ್ನು ಎದುರಿಗೆ ಹಾಕಿಕೊಂಡು ಕನ್ನಡಿಯಲ್ಲಿ ನೋಡಿ. ಎಲ್ಲಿಂದ ಅದರ ಹಿಂದಿನ ಬಟ್ಟೆ ಕಾಣಲು ಶುರುವಾಗುತ್ತದೋ ಅಲ್ಲಿಂದ ಕೆಳಗಿನದು ನಿಮಗೆ ಏನೂ ಕೊಡುತ್ತಿಲ್ಲ.

ಹೊಸಬರು ಟ್ರೈನಿ ಅಂದುಕೊಳ್ಳುವುದಕ್ಕೆ ಕೂದಲು ಎಷ್ಟರ ಮಟ್ಟಿಗೆ ಕಾರಣವೋ, ಅದಕ್ಕೂ ಈ ತುದಿಗೂ ಸಂಬಂಧ ಇದೆ. ಉದ್ದ ಕೂದಲಿನ ಎಷ್ಟೋ ಹೆಂಗಸರು ಬಹಳ ಗಂಭೀರವಾಗಿ ಕಾಣುತ್ತಾರೆ. ನೋಡುವವರಿಗೆ ಕಾಣುವುದು, ಈ ಕೂದಲು ಹೀಗಿರಬೇಕು ಅಂತ ಯಾರಾದರೂ ತೀರ್ಮಾನ ಮಾಡಿದ್ದಾರೋ, ಸುಮ್ನೆ ಬೆಳೆದುಕೊಂಡಿದೆಯೋ ಅನ್ನುವುದು. ಸಮನಾದ ಒಂದು ಗೆರೆ ಆ ತೀರ್ಮಾನವನ್ನು ದೂರದಿಂದಲೇ ತೋರಿಸುತ್ತದೆ. ನೇರ ಕೂದಲಿನಲ್ಲಿ ಆ ಗೆರೆ ಎಷ್ಟು ಚೆನ್ನಾಗಿ ನಿಲ್ಲುತ್ತದೆ ಅಂದರೆ ಗುಂಗುರು ಕೂದಲಿನವರಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಕೂದಲಿನ ದೊಡ್ಡ ಗುಣ ಇದು. ಇದನ್ನು ಬಿಟ್ಟು ನಾವು ಬೇರೆ ಏನೇನೋ ಬಯಸುತ್ತೇವೆ.

ಲೇಯರ್ ಯಾಕೆ ಬೇಡ ಅಂದರೆ, ಅದು ಆ ಗೆರೆಯನ್ನೇ ಕರಗಿಸುತ್ತದೆ. ಲೇಯರ್ ಅಂದರೆ ಮೇಲಿನ ಕೂದಲನ್ನು ಕೆಳಗಿನದಕ್ಕಿಂತ ಗಿಡ್ಡ ಮಾಡುವುದು. ದಪ್ಪ ಎಳೆ ಇದ್ದರೆ ಭಾರ ಇಳಿಯುತ್ತದೆ, ಅಲೆ ಏಳುತ್ತದೆ. ನಮ್ಮ ಸಣ್ಣ ಎಳೆಯ ಕೂದಲು ಎರಡು ಮೂರು ಮಟ್ಟಕ್ಕೆ ಹಂಚಿಹೋಗಿ, ಕೆಳಗೆ ತುದಿಯಲ್ಲಿ ಏನೂ ಉಳಿಯುವುದಿಲ್ಲ. ನನಗೆ 29ರಲ್ಲಿ ಹೀಗಾಯಿತು. "ವಾಲ್ಯೂಮ್ ಬರುತ್ತೆ ಮೇಡಂ" ಅಂದರು, ನಾನೂ ಹೂಂ ಅಂದೆ. ಕತ್ತರಿ ಆದಮೇಲೆ ರೇಜರ್ ಹಿಡಿದರು. ರೌಂಡ್ ಬ್ರಷ್ ಹಾಕಿ ಒಣಗಿಸಿದಾಗ ಬಹಳ ಚಂದ ಇತ್ತು. ಮರುದಿನ ಮನೆಯಲ್ಲಿ ತಲೆ ತೊಳೆದು ಕನ್ನಡಿ ನೋಡಿದೆ. ಮೇಲೆ ಒಂದು ಟೋಪಿಯ ಹಾಗೆ, ಕೆಳಗೆ ನಾಲ್ಕು ನೂಲಿನ ಹಾಗೆ. ಅಳು ಬಂತು. ಮೇಲಿನದು ಬೆಳೆಯುತ್ತಾ, ಕೆಳಗಿನದನ್ನು ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಎಲ್ಲಾ ಒಂದು ಮಟ್ಟಕ್ಕೆ ಬರಲು ಎಂಟು ತಿಂಗಳು ಹಿಡಿಯಿತು. ರೇಜರ್ ತಾಗಿದ ತುದಿಗಳು ಅಷ್ಟರಲ್ಲಿ ಸೀಳಿಕೊಂಡಿದ್ದವು.

ಹಾಗಾದರೆ ಗಲ್ಲದ ಮಟ್ಟದ ಬಾಬ್ ಯಾಕೆ ಅಲ್ಲ ಅಂತ ನೀವು ಕೇಳಬಹುದು. ಸಣ್ಣ ಎಳೆಗೆ ಅದು ಬಹಳ ಒಪ್ಪುತ್ತದೆ, ದಟ್ಟವಾಗಿ ಕಾಣಿಸುವುದರಲ್ಲಿ ಕಾಲರ್ ಬೋನ್ ಉದ್ದಕ್ಕಿಂತ ಒಂದು ಕೈ ಮೇಲು. ಆದರೆ ಅದು ಬೆಳೆಯುವುದು ಭುಜದ ಕಡೆಗೆ. ಕೂದಲು ಸರಿಯಾಗಿ ಭುಜಕ್ಕೆ ತಾಗುವ ಉದ್ದಕ್ಕೆ ಬಂದಾಗ ತುದಿ ಹೊರಕ್ಕೆ ಮಡಚಿಕೊಳ್ಳುತ್ತದೆ, ದಿನಾ ಅದನ್ನು ಪಳಗಿಸಬೇಕು. ಹಾಗಾಗದಿರಲು ಆರರಿಂದ ಎಂಟು ವಾರಕ್ಕೊಮ್ಮೆ ಪಾರ್ಲರಿಗೆ ಹೋಗಬೇಕು. ಕಾಲರ್ ಬೋನ್ ಉದ್ದ ಭುಜವನ್ನು ದಾಟಿ ಕೂತಿರುತ್ತದೆ, ಬೆಳೆದರೆ ಕೆಳಕ್ಕೆ ಹೋಗುತ್ತದೆ. ಮೂರು ತಿಂಗಳು ಬಿಟ್ಟರೂ ಮೂರು ನಾಲ್ಕು ಸೆಂಟಿಮೀಟರ್ ಅಷ್ಟೇ, ಆಕಾರ ಕೆಡುವುದಿಲ್ಲ. ಅವಸರದ ದಿನ ಕಟ್ಟಲೂ ಬರುತ್ತದೆ. ನಿಮ್ಮ ಹತ್ತು ನಿಮಿಷಕ್ಕೆ ಇದು ಸರಿ. ಪಿಕ್ಸಿಯಂಥ ಬಹಳ ಗಿಡ್ಡ ಕಟ್ ಬೆಳಿಗ್ಗೆ ಎರಡೇ ನಿಮಿಷ ಕೇಳುತ್ತದೆ ನಿಜ, ಆದರೆ ನಾಲ್ಕೈದು ವಾರಕ್ಕೆ ಕಿವಿ ಮೇಲೆ ಬಂದು ಕೂರುತ್ತದೆ. ಫ್ರಿಂಜ್ ಬೇಡ ಅಂದದ್ದೂ ಇದಕ್ಕೇ. ಅದಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ ಕತ್ತರಿ ಬೇಕು, ಹಣೆಯ ಜಿಡ್ಡು ಮೊದಲು ಅದಕ್ಕೇ ಅಂಟುತ್ತದೆ, ಮತ್ತು ಪಕ್ಕದಲ್ಲಿ ಇರಬೇಕಾದ ಕೂದಲನ್ನು ಅದು ಮುಂದಕ್ಕೆ ಎಳೆದುಕೊಳ್ಳುತ್ತದೆ.

ಕಟ್ ಒಂದೇ ಎಲ್ಲಾ ಕೆಲಸ ಮಾಡಬೇಕು ಅನ್ನುವ ಈ ಯೋಚನೆ ನನ್ನದೇನಲ್ಲ. 1960ರ ದಶಕದಲ್ಲಿ ಲಂಡನ್ನಿನಲ್ಲಿ ವಿಡಾಲ್ ಸಸೂನ್ ಅನ್ನುವ ಕೇಶ ವಿನ್ಯಾಸಕಾರ ಇದನ್ನೇ ಹಿಡಿದು ಹೊರಟರು. ಅದಕ್ಕೆ ಮುಂಚೆ ಅಲ್ಲಿನ ಹೆಂಗಸರು ರೋಲರ್ ಸುತ್ತಿಸಿಕೊಂಡು, ಡ್ರೈಯರ್ ಕೆಳಗೆ ಕೂತು, ಸ್ಪ್ರೇ ಹೊಡೆಸಿಕೊಂಡು ಅದನ್ನು ವಾರವಿಡೀ ಕಾಪಾಡಿಕೊಳ್ಳುತ್ತಿದ್ದರು. ತೊಳೆದು ಕೊಡವಿದರೆ ಕೂದಲು ತಾನೇ ಜಾಗಕ್ಕೆ ಬಂದು ಕೂರುವ ಹಾಗೆ ಅವರು ಕತ್ತರಿಸಿದರು. ನೇರ ಕೂದಲಿನಲ್ಲಿ ಆ ಕಟ್‌ಗಳ ಗೆರೆ ಎಷ್ಟು ಚೂಪಾಗಿ ಕಾಣುತ್ತದೆ ಅನ್ನುವುದನ್ನು ಹಳೆಯ ಫೋಟೋಗಳಲ್ಲಿ ನೋಡಿ.

ಇನ್ನು ಪಾರ್ಲರ್. ತಲೆ ಹಿಂದಿನ ದಿನ ತೊಳೆದು, ಕೂದಲು ಬಿಟ್ಟುಕೊಂಡು, ನಿತ್ಯ ಹೇಗಿರುತ್ತದೋ ಹಾಗೇ ಹೋಗಿ. ಅವರು ಮೊದಲು ಒಣಗಿದ ಕೂದಲನ್ನು ಮುಟ್ಟಿ ನೋಡಲಿ. ಸಿನಿಮಾ ನಟಿಯ ಫೋಟೋ ಬೇಡ. ನಿಮ್ಮ ಹಾಗೇ ಸಣ್ಣ ನೇರ ಕೂದಲಿನ ಯಾರದಾದರೂ ಫೋಟೋ ಹುಡುಕಿ. ಬೇಡದ್ದರ ಫೋಟೋ ಕೂಡ ಒಂದು ಇಟ್ಟುಕೊಳ್ಳಿ, ಬೇಕಾದ್ದಕ್ಕಿಂತ ಅದು ಬೇಗ ಅರ್ಥ ಆಗುತ್ತದೆ. ಬಾಯಲ್ಲಿ ಹೇಳಬೇಕಾದ್ದು ಇಷ್ಟು: ಬ್ಲಂಟ್ ಕಟ್ (ತುದಿ ಸಮನಾದ ಕಟ್), ಲೇಯರ್ ಬೇಡ, ರೇಜರ್ ಬೇಡ, ಹಲ್ಲಿರುವ ಥಿನ್ನಿಂಗ್ ಕತ್ತರಿ ಬೇಡ. ಉದ್ದವನ್ನು ಸೆಂಟಿಮೀಟರಿನಲ್ಲಿ ಹೇಳಬೇಡಿ, ನಿಮ್ಮ ಮೈ ಮೇಲೆ ಬೆರಳಿಟ್ಟು ತೋರಿಸಿ. ಮೊದಲ ಸಲಕ್ಕೆ ಅದಕ್ಕಿಂತ ಎರಡು ಬೆರಳು ಕೆಳಗೆ ಕತ್ತರಿಸಲು ಹೇಳಿ, ನೋಡಿ ಆಮೇಲೆ ಮೇಲೇರಿಸಬಹುದು.

ಕೂತಾಗ ಕಾಲ ಮೇಲೆ ಕಾಲು ಹಾಕಬೇಡಿ. ಹಾಕಿದರೆ ಸೊಂಟ ವಾಲುತ್ತದೆ, ಭುಜ ವಾಲುತ್ತದೆ, ಎದ್ದು ನಿಂತಾಗ ಗೆರೆ ಒಂದು ಕಡೆ ಉದ್ದ. ಬೇರೆ ಕಟ್‌ನಲ್ಲಿ ಇದು ಮುಚ್ಚಿಹೋಗುತ್ತದೆ, ಇದರಲ್ಲಿ ಎದ್ದು ಕಾಣುತ್ತದೆ. ಕೊನೆಗೆ ರೌಂಡ್ ಬ್ರಷ್, ಐರನ್ ಏನೂ ಬೇಡ, ಸುಮ್ನೆ ಒಣಗಿಸಿ ಸಾಕು ಅನ್ನಿ. ಮನೆಯಲ್ಲಿ ಹೇಗೆ ಕಾಣುತ್ತದೆ ಅನ್ನುವುದು ಅಲ್ಲೇ ಗೊತ್ತಾಗಬೇಕು. ಒಣಗಿದ ಮೇಲೆ ಗೆರೆಯನ್ನು ಇನ್ನೊಮ್ಮೆ ಸರಿ ಮಾಡಿಸಿಕೊಳ್ಳಿ. ನೀವು ದುಡ್ಡು ಕೊಡುತ್ತಿದ್ದೀರಿ, ಕೇಳಲು ಸಂಕೋಚ ಬೇಡ.

ಮನೆಯ ಕೆಲಸ ಕಡಿಮೆ. ನೇರ ಕೂದಲಿನ ಮೇಲೆ ನೆತ್ತಿಯ ಜಿಡ್ಡು ತಡೆಯಿಲ್ಲದೆ ಕೆಳಗೆ ಹರಿಯುತ್ತದೆ, ಅದಕ್ಕೇ ನಮಗೆ ಎರಡನೇ ದಿನವೇ ತಲೆ ಅಂಟಂಟು. ದಿನ ಬಿಟ್ಟು ದಿನ ತೊಳೆದರೂ ತಪ್ಪಿಲ್ಲ, ಶಾಂಪೂ ಮೃದುವಾಗಿರಲಿ. ಕಂಡಿಷನರ್ ಕಿವಿಯಿಂದ ಕೆಳಗೆ ಮಾತ್ರ, ಅದೂ ಸ್ವಲ್ಪ. ನೆತ್ತಿಗೆ ಹಚ್ಚಿದರೆ ಕಟ್ ಕೊಟ್ಟ ಎತ್ತರವನ್ನೆಲ್ಲ ಅದು ನುಂಗುತ್ತದೆ.

ಆ ಹತ್ತು ನಿಮಿಷ ಖರ್ಚು ಮಾಡಬೇಕಾದ್ದು ಒಣಗಿಸುವಾಗ. ಒದ್ದೆಯಾದಾಗ ಕೂದಲಿನ ಒಳಗಿನ ಹೈಡ್ರೋಜನ್ ಬಂಧಗಳು ಸಡಿಲವಾಗುತ್ತವೆ, ಒಣಗುವಾಗ ಮತ್ತೆ ಬಿಗಿಯುತ್ತವೆ. ಆ ಹೊತ್ತಿನಲ್ಲಿ ಕೂದಲು ಯಾವ ಭಂಗಿಯಲ್ಲಿತ್ತೋ ಅದೇ ನಿಲ್ಲುತ್ತದೆ. ಟವೆಲ್ಲಿನಿಂದ ಉಜ್ಜದೆ ಒತ್ತಿ ನೀರು ತೆಗೆಯಿರಿ, ಒದ್ದೆ ಕೂದಲು ಬೇಗ ಮುರಿಯುತ್ತದೆ. ಆಮೇಲೆ ತಲೆ ಬಗ್ಗಿಸಿ, ಬೆರಳಿನಲ್ಲಿ ಬುಡ ಎತ್ತುತ್ತಾ, ಡ್ರೈಯರ್ ಮಧ್ಯಮ ಶಾಖದಲ್ಲಿ ಹಿಡಿಯಿರಿ. ಮುಕ್ಕಾಲು ಒಣಗಿದಾಗ ತಲೆ ಎತ್ತಿ. ಬೈತಲೆಯನ್ನು ನಿಮಗೆ ಬೇಕಾದ ಕಡೆಯ ಎದುರು ಕಡೆಗೆ ಹಾಕಿ ಪೂರ್ತಿ ಒಣಗಿಸಿ, ನಂತರ ಸರಿಯಾದ ಕಡೆಗೆ ತಿರುಗಿಸಿ. ಬುಡ ಎದ್ದು ನಿಲ್ಲುತ್ತದೆ. ಯಾವ ಸ್ಪ್ರೇ ಕೂಡ ಬೇಡ. ಡ್ರೈಯರ್ ಇಲ್ಲದವರು ಗಾಳಿಯಲ್ಲಿ ಒಣಗಿಸುವಾಗಲೂ ಬೈತಲೆಯನ್ನು ಹೀಗೇ ಅದಲು ಬದಲು ಮಾಡಬಹುದು. ಒದ್ದೆ ತಲೆಯಲ್ಲಿ ಮಲಗುವುದೊಂದು ಬೇಡ, ದಿಂಬಿನ ಆಕಾರ ಬೆಳಿಗ್ಗೆ ತಲೆಯಲ್ಲಿರುತ್ತದೆ.

ಕಟ್ಟುವ ದಿನ ಪೋನಿಟೇಲನ್ನು ನೆತ್ತಿಯಿಂದ ಕತ್ತಿನ ಬುಡಕ್ಕೆ ಇಳಿಸಿ, ಪಕ್ಕದ ಬೈತಲೆ ಹಾಗೇ ಇರಲಿ. ಇದೊಂದನ್ನು ಇವತ್ತೇ, ಕಟ್ ಮಾಡಿಸುವ ಮುಂಚೆಯೇ ಮಾಡಿ ನೋಡಿ, ಮುಖ ಬೇರೆಯೇ ಅನ್ನಿಸುತ್ತದೆ. ಬಿಗಿ ಬೇಡ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದು ಕಟ್ಟಿದರೆ ಹಣೆಯ ಅಂಚಿನ ಕೂದಲು ಬುಡಸಮೇತ ಸೋಲುತ್ತದೆ, ಸಣ್ಣ ಎಳೆಗೆ ಅದನ್ನು ತಡೆಯುವ ಶಕ್ತಿ ಕಡಿಮೆ. ಬಟ್ಟೆಯ ಸ್ಕ್ರಂಚಿ ಒಳ್ಳೆಯದು.

ಬಣ್ಣದ ಬಗ್ಗೆಯೂ ಕೇಳಿದ್ದೀರಿ. ಬಣ್ಣ ಹಚ್ಚಿದರೆ ಎಳೆ ಸ್ವಲ್ಪ ಒರಟಾಗಿ ದಪ್ಪ ಅನ್ನಿಸುವುದು ನಿಜ. ಆದರೆ ತಿಂಗಳಿಗೆ ಒಂದು ಸೆಂಟಿಮೀಟರ್ ಬುಡ ಬೇರೆ ಬಣ್ಣದಲ್ಲಿ ಬರುತ್ತಾ ಇರುತ್ತದೆ, ಕಡಿಮೆ ಆರೈಕೆ ಅನ್ನುವ ನಿಮ್ಮ ಮಾತಿಗೆ ಅದು ಕೂಡುವುದಿಲ್ಲ. ಪಾರ್ಲರಿನಲ್ಲಿ ಕೂದಲನ್ನು ನುಣುಪು ಮಾಡುವ ಸ್ಮೂದನಿಂಗ್ ಅಂತೂ ಖಂಡಿತ ಬೇಡ, ಇರುವ ಎತ್ತರವೂ ಹೋಗುತ್ತದೆ.

ಒಂದು ಸಂಗತಿ ನೀವು ಬರೆದಿಲ್ಲ. ನೆತ್ತಿಯ ಹಿಂದೆ ನಿಮ್ಮ ಸುಳಿ ಎಲ್ಲಿದೆ, ಎಡಕ್ಕೋ ಬಲಕ್ಕೋ, ಮತ್ತು ಹಣೆಯ ಹತ್ತಿರ ಕೂದಲು ತಾನಾಗಿ ಯಾವ ಕಡೆಗೆ ವಾಲುತ್ತದೆ? ತಲೆ ತೊಳೆದ ಮೇಲೆ ಎಲ್ಲವನ್ನೂ ಹಿಂದಕ್ಕೆ ಬಾಚಿ, ನೆತ್ತಿಯನ್ನು ಕೈಯಿಂದ ಮುಂದಕ್ಕೆ ತಳ್ಳಿ. ಬೈತಲೆ ತಾನೇ ಒಂದು ಕಡೆ ಒಡೆಯುತ್ತದೆ. ಅದು ಎಲ್ಲಿ ಅಂತ ಕೆಳಗೆ ಬರೆಯಿರಿ, ಎರಡು ಬೆರಳು ಯಾವ ಪಕ್ಕಕ್ಕೆ ಸರಿಸಬೇಕು ಅಂತ ಹೇಳುತ್ತೇನೆ.